ಸ್ಪೋರ್ಟ್ಸ್ ಕಾರಿಗೆ ಯಾವ ಗೇರ್‌ಬಾಕ್ಸ್? ಒಂದೇ ಕಾರಿನ ಎರಡು ರೂಪಗಳನ್ನು ಓಡಿಸಿ ಬರೆದ ವಿಮರ್ಶೆ

ಟೊಯೋಟಾ ಕಂಪನಿಯ ಜಿಆರ್86 ಕಾರು ಆರು ಗೇರಿನ ಮ್ಯಾನ್ಯುಯಲ್‌ನಲ್ಲಿಯೂ ಆರು ಗೇರಿನ ಆಟೊಮ್ಯಾಟಿಕ್‌ನಲ್ಲಿಯೂ ದೊರೆಯುತ್ತದೆ. ಎರಡನ್ನೂ ಒಂದಾದ ಮೇಲೊಂದರಂತೆ ಒಂದೊಂದು ವಾರ ಓಡಿಸುವ ಅವಕಾಶ ನನಗೆ ಒದಗಿತ್ತು. ಎಂಜಿನ್ ಅದೇ, ಚಾಸಿ ಅದೇ, ಟೈರುಗಳ ಅಳತೆಯೂ ಅದೇ. ಮುಖ್ಯವಾಗಿ ಬದಲಾಗಿದ್ದು ಗೇರ್‌ಬಾಕ್ಸ್ ಒಂದೇ. ಆದ್ದರಿಂದ ಇವೆರಡರ ನಡುವೆ ನನ್ನ ಅನುಭವಕ್ಕೆ ಬಂದ ವ್ಯತ್ಯಾಸವನ್ನು ಬಹುಪಾಲು ಗೇರ್‌ಬಾಕ್ಸಿನ ಲೆಕ್ಕಕ್ಕೇ ಬರೆಯಬಹುದು. ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಮ್ಯಾನ್ಯುಯಲ್ ಒಳ್ಳೆಯದೋ ಆಟೊಮ್ಯಾಟಿಕ್ ಒಳ್ಳೆಯದೋ ಎಂಬುದು. ಈ ಎರಡು ವಾರಗಳ ಬಳಿಕ ನನಗೆ ಅನ್ನಿಸುವುದೇನೆಂದರೆ, ಆ ಪ್ರಶ್ನೆಯನ್ನು ಎಂಜಿನ್ನಿನಿಂದ ಬಿಡಿಸಿ ಕೇಳಿದರೆ ಉತ್ತರವೇ ಸಿಗುವುದಿಲ್ಲ. ಈ ಎಂಜಿನ್ನಿನ ಸ್ವಭಾವಕ್ಕೆ ಯಾವ ಗೇರ್‌ಬಾಕ್ಸ್ ಒಗ್ಗುತ್ತದೆ ಎಂದು ಕೇಳಿದಾಗ ಮಾತ್ರ ವಿಷಯ ತಿಳಿಯಾಗುತ್ತದೆ.

ಹಾಗಾಗಿ ಮೊದಲು ಎಂಜಿನ್ನಿನ ಬಗ್ಗೆ ಹೇಳಬೇಕು. ಸುಬಾರು ಜೊತೆಗೂಡಿ ರೂಪಿಸಿದ ಈ ಕಾರಿನಲ್ಲಿರುವುದು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ, 2.4 ಲೀಟರಿನ, ನಾಲ್ಕು ಸಿಲಿಂಡರಿನ ಬಾಕ್ಸರ್ ಎಂಜಿನ್. ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುವುದರಿಂದ ಎಂಜಿನ್ನಿನ ಭಾರ ನೆಲಕ್ಕೆ ಹತ್ತಿರವಾಗಿ ಕೂರುತ್ತದೆ. ಶಕ್ತಿ ಸುಮಾರು 235 ಅಶ್ವಶಕ್ತಿ. ಅದು ಪೂರ್ತಿಯಾಗಿ ಒದಗುವುದು ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗಿದಾಗ, ಅಂದರೆ 7,000 ಆರ್‌ಪಿಎಂನಲ್ಲಿ. ಟಾರ್ಕ್, ಅಂದರೆ ತಿರುಗಿಸುವ ಬಲ, 250 ನ್ಯೂಟನ್ ಮೀಟರ್, 3,700 ಆರ್‌ಪಿಎಂನಲ್ಲಿ. ತೂಕ ಸುಮಾರು 1,270 ಕಿಲೊ, ಆಟೊಮ್ಯಾಟಿಕ್ ಆದರೆ ಇಪ್ಪತ್ತು ಕಿಲೊದಷ್ಟು ಹೆಚ್ಚು. ಅಂದರೆ ಇದು ಹಗುರವಾದ, ಹಿಂದಿನ ಚಕ್ರಗಳಿಂದ ಓಡುವ, ಆರ್‌ಪಿಎಂ ಏರಿದಂತೆಲ್ಲ ಚುರುಕಾಗುವ ಕಾರು. ಇಂಥ ಎಂಜಿನ್ನಿಗೆ ತಕ್ಕ ಗೇರು ತಕ್ಕ ಹೊತ್ತಿಗೆ ಸಿಗಲೇಬೇಕು. ಸಿಗದಿದ್ದರೆ ಅದು ಸಾಧಾರಣ ಕಾರಿನಂತೆಯೇ ವರ್ತಿಸುತ್ತದೆ.

ಯುರೋಪಿನ ಮಾರುಕಟ್ಟೆಗೆ ಕಂಪನಿ ಕೊಟ್ಟಿರುವ ಅಂಕಿಗಳನ್ನು ನೋಡಿದರೆ ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ ಮ್ಯಾನ್ಯುಯಲ್ 6.3 ಸೆಕೆಂಡಿನಲ್ಲಿ ಮುಟ್ಟುತ್ತದೆ, ಆಟೊಮ್ಯಾಟಿಕ್ 6.9 ಸೆಕೆಂಡು ತೆಗೆದುಕೊಳ್ಳುತ್ತದೆ. ಗರಿಷ್ಠ ವೇಗ ಮ್ಯಾನ್ಯುಯಲ್‌ನದು 226 ಕಿ.ಮೀ., ಆಟೊಮ್ಯಾಟಿಕ್‌ನದು 216. ಆಟೊಮ್ಯಾಟಿಕ್ ಎಂದರೆ ಈ ಕಾಲದಲ್ಲಿ ಯಾವಾಗಲೂ ವೇಗವಾದದ್ದು ಎಂದು ನಂಬಿದವರಿಗೆ ಈ ಅಂಕಿಗಳು ವಿಚಿತ್ರವಾಗಿ ಕಾಣಬಹುದು. ಕಾರಣ ಗೇರುಗಳ ಅನುಪಾತದಲ್ಲಿದೆ, ಅಂದರೆ ಗೇರ್‌ಬಾಕ್ಸಿನಿಂದ ಹೊರಡುವ ಶಾಫ್ಟು ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕದಲ್ಲಿದೆ. ಮ್ಯಾನ್ಯುಯಲ್‌ನ ಎರಡನೇ ಗೇರು 2.188, ಮೂರನೆಯದು 1.541, ನಾಲ್ಕನೆಯದು 1.213, ಐದನೆಯದು 1.000, ಮೇಲೆ ಹೋದಂತೆ ಗೇರುಗಳು ಒಂದಕ್ಕೊಂದು ಹತ್ತಿರವಾಗುತ್ತ ಹೋಗುತ್ತವೆ. ಹೀಗಾಗಿ ಗೇರು ಏರಿಸಿದಾಗ ಆರ್‌ಪಿಎಂ ಹೆಚ್ಚು ಕುಸಿಯುವುದಿಲ್ಲ, ಎಂಜಿನ್ ತನ್ನ ಚುರುಕಿನ ವಲಯದಲ್ಲೇ ಉಳಿಯುತ್ತದೆ. ಆಟೊಮ್ಯಾಟಿಕ್‌ನಲ್ಲಿ ಎರಡನೆಯದು 2.060, ಮೂರನೆಯದು 1.404, ನಾಲ್ಕಕ್ಕೇ 1.000 ಬಂದುಬಿಡುತ್ತದೆ, ಆರನೆಯದು 0.582. ಹಿಂದಿನ ಆಕ್ಸಲ್‌ನ ಕೊನೆಯ ಅನುಪಾತವೂ ಮ್ಯಾನ್ಯುಯಲ್‌ನಲ್ಲಿ 4.1 ಇದ್ದರೆ ಆಟೊಮ್ಯಾಟಿಕ್‌ನಲ್ಲಿ 3.9. ಲೆಕ್ಕ ಹಾಕಿ ನೋಡಿದರೆ, 100 ಕಿ.ಮೀ. ವೇಗದಲ್ಲಿ ಆರನೇ ಗೇರಿನಲ್ಲಿ ಮ್ಯಾನ್ಯುಯಲ್ ಕಾರಿನ ಎಂಜಿನ್ ಸುಮಾರು 2,650 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ, ಆಟೊಮ್ಯಾಟಿಕ್‌ನದು 1,900ರ ಆಸುಪಾಸಿನಲ್ಲಿ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸಾಗುವವರಿಗೆ ಎರಡನೆಯದು ನಿಜವಾದ ನೆಮ್ಮದಿ. ಸದ್ದು ಕಡಿಮೆ, ಇಂಧನದ ಖರ್ಚೂ ಕಡಿಮೆ. ಆದರೆ ಓವರ್‌ಟೇಕ್ ಮಾಡಬೇಕೆಂದಾಗ ಅದೇ ಎಂಜಿನ್ ತನ್ನ ಬಲದ ಜಾಗದಿಂದ ಬಹಳ ದೂರದಲ್ಲಿರುತ್ತದೆ, ಎರಡು ಮೂರು ಗೇರು ಕೆಳಗಿಳಿಯಲೇಬೇಕಾಗುತ್ತದೆ.

ಮ್ಯಾನ್ಯುಯಲ್ ಕಾರಿನ ವಾರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ಬೆಟ್ಟದ ರಸ್ತೆಯ ಒಂದು ಹೇರ್‌ಪಿನ್ ತಿರುವು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮ್ಯಾನ್ಯುಯಲ್ ಬೇಕೆನ್ನುವವರ ಆಸೆಯೆಲ್ಲ ಆ ಮೂರು ಸೆಕೆಂಡುಗಳಲ್ಲಿ ಅಡಗಿದೆ. ಮೂರನೇ ಗೇರಿನಲ್ಲಿ ಬರುತ್ತಿದ್ದೇನೆ, ತಿರುವಿನ ಮುಂಚೆ ಬ್ರೇಕು ಒತ್ತುತ್ತಿದ್ದೇನೆ, ವೇಗ 50ಕ್ಕೆ ಇಳಿದಿದೆ. ಆ ವೇಗದಲ್ಲಿ ಮೂರನೇ ಗೇರಿನಲ್ಲಿ ಎಂಜಿನ್ ಸುಮಾರು 2,650 ಆರ್‌ಪಿಎಂನಲ್ಲಿರುತ್ತದೆ. ಎರಡಕ್ಕೆ ಇಳಿಸಿದರೆ ಅದು ಸುಮಾರು 3,800ಕ್ಕೆ ಏರಬೇಕು. ನಡುವಿನ ಈ 1,100ಕ್ಕೂ ಹೆಚ್ಚಿನ ಅಂತರವನ್ನು ಯಾರಾದರೂ ತುಂಬಬೇಕು. ಸುಮ್ಮನೆ ಕ್ಲಚ್ಚು ಬಿಟ್ಟರೆ ಹಿಂದಿನ ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸುತ್ತವೆ, ಕಾರು ಮುಗ್ಗರಿಸಿದಂತಾಗುತ್ತದೆ, ನೆಲ ಒದ್ದೆಯಾಗಿದ್ದರೆ ಹಿಂಭಾಗ ಜಾರಲೂಬಹುದು. ಆದ್ದರಿಂದ ಬಲಗಾಲಿನ ಮುಂಭಾಗದಿಂದ ಬ್ರೇಕನ್ನು ಒತ್ತಿ ಹಿಡಿದುಕೊಂಡೇ, ಎಡಗಾಲಿನಿಂದ ಕ್ಲಚ್ಚು ಒತ್ತಿ, ಬಲ ಪಾದದ ಹೊರ ಅಂಚನ್ನು ಪಕ್ಕಕ್ಕೆ ಹೊರಳಿಸಿ ಆಕ್ಸಿಲರೇಟರಿಗೆ ಒಂದು ಚಿಕ್ಕ ತಟ್ಟು ಕೊಡಬೇಕು. ಎಂಜಿನ್ ಒಮ್ಮೆ ಗುಟುರು ಹಾಕಿ ಮೇಲೇರುತ್ತದೆ, ಅದೇ ಕ್ಷಣದಲ್ಲಿ ಲಿವರ್ ಎರಡನೇ ಗೇರಿಗೆ ಜಾರುತ್ತದೆ, ಕ್ಲಚ್ಚು ಬಿಟ್ಟಾಗ ಏನೂ ಆಗಿಲ್ಲವೆಂಬಂತೆ ಕಾರು ನಯವಾಗಿ ತಿರುವಿಗೆ ಇಳಿಯುತ್ತದೆ. ಇದನ್ನೇ ಹೀಲ್ ಆ್ಯಂಡ್ ಟೋ ಎನ್ನುತ್ತಾರೆ.

ಈ ಕಾರಿನ ಬ್ರೇಕ್ ಮತ್ತು ಆಕ್ಸಿಲರೇಟರ್ ಪೆಡಲುಗಳು ಒಂದಕ್ಕೊಂದು ಎಷ್ಟು ಹತ್ತಿರದಲ್ಲಿ, ಎಷ್ಟು ಸಮ ಎತ್ತರದಲ್ಲಿ ಇವೆಯೆಂದರೆ ಎರಡನೆಯ ದಿನಕ್ಕೇ ನನ್ನ ಪಾದ ಆ ಚಲನೆಯನ್ನು ರೂಢಿ ಮಾಡಿಕೊಂಡಿತು. ಗೇರ್ ಲಿವರ್ ಗಿಡ್ಡವಾಗಿದೆ, ಅದರ ಓಟವೂ ಗಿಡ್ಡ. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕೈಗೆ ತುಸು ಬಿಗಿ ತಾಕುತ್ತದೆ. ಒಳಗೆ ಸಿಂಕ್ರೊನೈಸರಿನ ಶಂಕುವಿನಾಕಾರದ ಉಂಗುರ ಗೇರಿನ ಮೈಗೆ ಉಜ್ಜಿ ಎರಡರ ವೇಗವನ್ನೂ ಒಂದು ಮಾಡುತ್ತಿರುವ ಬಿಗಿಯದು. ಆರ್‌ಪಿಎಂ ಸರಿಯಾಗಿ ಹೊಂದಿಸಿದ ದಿನ ಆ ಬಿಗಿ ಬಹುತೇಕ ಮಾಯವಾಗಿರುತ್ತದೆ. ಹೀಗೆ ಚಾಲಕ ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಕಾರು ಕೈಗೇ ತಿಳಿಸುತ್ತದೆ. ಇದಕ್ಕೆ ಸಮನಾದದ್ದು ಬೇರೆ ಯಾವ ಗೇರ್‌ಬಾಕ್ಸಿನಲ್ಲೂ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ವಿಷಯ. ಕೆಲವು ಮ್ಯಾನ್ಯುಯಲ್ ಕಾರುಗಳಲ್ಲಿ ಗೇರು ಇಳಿಸುವಾಗ ಬೇಕಾದ ರೇಸನ್ನು ಕಂಪ್ಯೂಟರೇ ಕೊಡುತ್ತದೆ. 2009ರ ಮಾದರಿಯ ನಿಸ್ಸಾನ್ 370ಝಡ್ ಈ ಸೌಲಭ್ಯವನ್ನು ಮೊದಲು ತಂದಿತು. ಟೊಯೋಟಾದ್ದೇ ಜಿಆರ್ ಕೊರೊಲಾದಲ್ಲಿಯೂ ಅದು ಇದೆ. ಕಲಿಯುವವರಿಗೆ ಇದರಿಂದ ಉಪಕಾರವಿದೆ. ಆದರೆ ಈಗಾಗಲೇ ಕಲಿತವರು ಅದನ್ನು ಆಫ್ ಮಾಡುವ ಬಟನ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಚಾಲಕನ ಕಾಲೂ ಕಂಪ್ಯೂಟರೂ ಒಟ್ಟಿಗೆ ರೇಸ್ ಕೊಡಹೊರಟರೆ ಎರಡೂ ಕೆಡುತ್ತವೆ.

ಎರಡನೆಯ ವಾರ ಅದೇ ಬೆಟ್ಟದ ರಸ್ತೆಗೆ ಆಟೊಮ್ಯಾಟಿಕ್ ಕಾರನ್ನು ಒಯ್ದೆ. ನಿಜ ಹೇಳಬೇಕೆಂದರೆ, ಅಷ್ಟು ನಯವಾಗಿರುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ಸ್ಪೋರ್ಟ್ ಮೋಡ್‌ನಲ್ಲಿಟ್ಟು ಬ್ರೇಕು ಒತ್ತಿದರೆ ಗೇರುಗಳನ್ನು ತಾನೇ ಇಳಿಸುತ್ತದೆ, ಇಳಿಸುವಾಗ ಬೇಕಾದ ರೇಸನ್ನೂ ತಾನೇ ಕೊಡುತ್ತದೆ. ಸ್ಟೀರಿಂಗಿನ ಹಿಂದಿರುವ ಪ್ಯಾಡಲುಗಳಿಂದ ನಾನೇ ಇಳಿಸಿಕೊಳ್ಳಲೂಬಹುದು. ಆ ಹೇರ್‌ಪಿನ್ ತಿರುವಿನಲ್ಲಿ ನನ್ನ ಎರಡೂ ಕೈಗಳು ಸ್ಟೀರಿಂಗಿನ ಮೇಲೇ ಇದ್ದವು, ಗಮನವೆಲ್ಲ ಬ್ರೇಕು ಎಲ್ಲಿ ಬಿಡಬೇಕು ಎಂಬುದರ ಮೇಲಿತ್ತು. ಹಿಂದಿನ ವಾರಕ್ಕಿಂತ ನಾಲ್ಕು ಅಡಿ ಒಳಗಿನ ಗೆರೆ ಹಿಡಿದು ತಿರುಗಿದೆ. ಇದನ್ನು ಸಣ್ಣ ಮಾತೆಂದು ನಾನು ತಳ್ಳಿಹಾಕಲಾರೆ. ಗೇರು ಬದಲಿಸುವ ಕೆಲಸ ಇಲ್ಲದಾಗ ಉಳಿಯುವ ಗಮನವನ್ನು ತಿರುವಿನ ರೇಖೆಗೂ ಬ್ರೇಕಿನ ಹದಕ್ಕೂ ಕೊಡಬಹುದು, ಮತ್ತು ವೇಗವಾಗಿ ಓಡಿಸುವುದನ್ನು ಹೊಸದಾಗಿ ಕಲಿಯುವವರಿಗೆ ಇದು ಬಹಳ ದೊಡ್ಡ ಸಹಾಯ.

ಆದರೂ ಇದು ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್. ಪ್ಯಾಡಲು ಒತ್ತಿದ್ದಕ್ಕೂ ಎಂಜಿನ್ನಿನ ಸದ್ದು ಬದಲಾದದ್ದಕ್ಕೂ ನಡುವೆ ಒಂದು ಸಣ್ಣ ಬಿಡುವಿರುತ್ತದೆ. ಗೇರುಗಳ ನಡುವಿನ ಅಂತರ ದೊಡ್ಡದಾದ್ದರಿಂದ ಎರಡರಿಂದ ಮೂರಕ್ಕೆ ಏರಿದಾಗ ಎಂಜಿನ್ ಒಮ್ಮೆ ಉಸಿರು ಬಿಟ್ಟಂತೆ ತಗ್ಗುತ್ತದೆ. ಟರ್ಬೊ ಇದ್ದಿದ್ದರೆ ಆ ತಗ್ಗು ಗೊತ್ತೇ ಆಗುತ್ತಿರಲಿಲ್ಲ. ಈ ಎಂಜಿನ್ನಿಗೆ ಅದು ಗೊತ್ತಾಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ಒಳಗಿನ ರಚನೆಯಲ್ಲಿ ಬೇರೆಬೇರೆಯಾದ ಮೂರು ಬಗೆಯ ಗೇರ್‌ಬಾಕ್ಸುಗಳು ಸ್ಪೋರ್ಟ್ಸ್ ಕಾರುಗಳಲ್ಲಿ ಮಾರಾಟವಾಗಿವೆ. ಟಾರ್ಕ್ ಕನ್ವರ್ಟರ್ ಬಗೆಯದರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ತುಂಬಿದ ಒಂದು ಕೋಶವಿರುತ್ತದೆ. ಒಂದು ಕಡೆಯ ರೆಕ್ಕೆಗಳು ಆಯಿಲನ್ನು ತಳ್ಳುತ್ತವೆ, ಇನ್ನೊಂದು ಕಡೆಯ ರೆಕ್ಕೆಗಳು ಅದರಿಂದ ತಿರುಗುತ್ತವೆ. ಕಾರು ನಿಂತಲ್ಲಿಂದ ಹೊರಡುವಾಗ ನಯವಾಗಿ ಹೊರಡುವುದು ಇದರಿಂದಲೇ. ಮೊದಲೆಲ್ಲ ಈ ಕೋಶದಲ್ಲಿ ಶಕ್ತಿ ಸೋರುತ್ತಿತ್ತು. ಈಗ ವೇಗ ಹಿಡಿದ ಕೂಡಲೇ ಒಳಗಿನ ಲಾಕಪ್ ಕ್ಲಚ್ಚು ಎರಡೂ ಕಡೆಯನ್ನು ನೇರವಾಗಿ ಬೆಸೆಯುತ್ತದೆ. 2009ರಲ್ಲಿ ಬಂದ ಝಡ್ಎಫ್ ಕಂಪನಿಯ ಎಂಟು ಗೇರಿನ ಗೇರ್‌ಬಾಕ್ಸ್ ಈ ಬಗೆಗೆ ಸ್ಪೋರ್ಟ್ಸ್ ಕಾರುಗಳಲ್ಲೂ ಮರ್ಯಾದೆ ತಂದುಕೊಟ್ಟಿತು. ಬಿಎಂಡಬ್ಲ್ಯು ‘ಎಂ’ ಹೆಸರಿನ ತನ್ನ ವೇಗದ ಕಾರುಗಳಲ್ಲಿ, ಮುಂದೆ ವಿವರಿಸುವ ಡ್ಯುಯಲ್ ಕ್ಲಚ್ಚನ್ನು ಬಿಟ್ಟು ಇದಕ್ಕೇ ಮರಳಿದೆ.

ಎರಡನೆಯ ಬಗೆಯದು ಡ್ಯುಯಲ್ ಕ್ಲಚ್. ಇದರೊಳಗಿರುವುದು ಸ್ವಭಾವತಃ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಆದರೆ ಎರಡು ಭಾಗವಾಗಿ. ಒಂದು, ಮೂರು, ಐದು ಒಂದು ಶಾಫ್ಟಿನ ಮೇಲೆ, ಅದಕ್ಕೊಂದು ಕ್ಲಚ್ಚು. ಎರಡು, ನಾಲ್ಕು, ಆರು ಇನ್ನೊಂದರ ಮೇಲೆ, ಅದಕ್ಕೆ ಮತ್ತೊಂದು. ಕಾರು ಮೂರನೇ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ಚು ಬಿಡುತ್ತಿರುವಂತೆಯೇ ಇನ್ನೊಂದು ಹಿಡಿಯುತ್ತದೆ, ಎಳೆತ ಒಂದು ಕ್ಷಣವೂ ಕಡಿಯುವುದಿಲ್ಲ. ಪೋರ್ಷೆ 1980ರ ದಶಕದಲ್ಲಿಯೇ 956 ಮತ್ತು 962 ರೇಸ್ ಕಾರುಗಳಲ್ಲಿ ಇದನ್ನು ಪ್ರಯೋಗಿಸಿತ್ತು. ಸಾಮಾನ್ಯ ಜನರಿಗೆ ಮಾರುವ ಕಾರಿನಲ್ಲಿ ಅದು ಬಂದದ್ದು 2003ರ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ. ಕಂಪ್ಯೂಟರಿನ ಊಹೆ ತಪ್ಪಿದಾಗ ಮಾತ್ರ ಇದು ತಡವರಿಸುತ್ತದೆ: ಮೇಲಿನ ಗೇರನ್ನು ಸಿದ್ಧವಿಟ್ಟುಕೊಂಡಿರುವಾಗ ಚಾಲಕ ಹಠಾತ್ತನೆ ಕೆಳಗಿನದನ್ನು ಕೇಳಿದರೆ ಅದನ್ನು ಬಿಡಿಸಿ ಇದನ್ನು ಹಾಕುವಷ್ಟು ಹೊತ್ತು ಬೇಕಾಗುತ್ತದೆ. ಮೂರನೆಯದು ಒಂದೇ ಕ್ಲಚ್ಚಿನ, ಮೋಟಾರು ಅಥವಾ ಹೈಡ್ರಾಲಿಕ್ ಒತ್ತಡದಿಂದ ಗೇರು ಬದಲಿಸುವ ಬಗೆ. 1997ರಲ್ಲಿ ಫೆರಾರಿ ಎಫ್355ರಲ್ಲಿ ಪ್ಯಾಡಲು ಬಂದದ್ದು ಈ ರೂಪದಲ್ಲಿ. ಇಂದಿನ ಹೊಸ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಬಹುತೇಕ ಕಣ್ಮರೆಯಾಗಿದೆ. ಹಳೆಯ ಕಾರು ಕೊಳ್ಳುವವರು ಮಾತ್ರ ಇದರ ಜರ್ಕನ್ನು ಸಹಿಸಲು ಸಿದ್ಧರಿರಬೇಕು.

ಈ ಮೂರರಲ್ಲಿ ಯಾವುದರ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದರ ಮೇಲೆ ಇಡೀ ಹೋಲಿಕೆಯೇ ಬದಲಾಗುತ್ತದೆ. ಜಿಆರ್86ರಲ್ಲಿ ಮ್ಯಾನ್ಯುಯಲ್ ಮುಂದೆ. ಪೋರ್ಷೆ 911 ಜಿಟಿ3ಗೆ ಬಂದರೆ ಚಿತ್ರ ತಲೆಕೆಳಗು. 2021ರಲ್ಲಿ ಬಂದ ಜಿಟಿ3 ಸೊನ್ನೆಯಿಂದ 100 ಕಿ.ಮೀ. ವೇಗವನ್ನು ಪಿಡಿಕೆ ಎಂಬ ಡ್ಯುಯಲ್ ಕ್ಲಚ್ಚಿನಲ್ಲಿ 3.4 ಸೆಕೆಂಡಿಗೆ ಮುಟ್ಟುತ್ತದೆ, ಮ್ಯಾನ್ಯುಯಲ್‌ನಲ್ಲಿ 3.9ಕ್ಕೆ. ತೂಕದಲ್ಲಿ ಮಾತ್ರ ಮ್ಯಾನ್ಯುಯಲ್ 1,418 ಕಿಲೊ, ಪಿಡಿಕೆ 1,435. ಆದರೆ ಈ ಕಾರಿನ ಇತಿಹಾಸವೇ ಅಂಕಿಗಳಿಗಿಂತ ಹೆಚ್ಚು ಹೇಳುತ್ತದೆ. 2013ರಲ್ಲಿ ಪೋರ್ಷೆ ಜಿಟಿ3ಯಿಂದ ಮ್ಯಾನ್ಯುಯಲ್ಲನ್ನು ತೆಗೆದುಹಾಕಿ ಪಿಡಿಕೆ ಒಂದನ್ನೇ ಇಟ್ಟಿತು. ಲ್ಯಾಪ್ ಸಮಯದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. 2016ರಲ್ಲಿ ಮ್ಯಾನ್ಯುಯಲ್ ಮಾತ್ರ ಇರುವ 911 ಆರ್ ಎಂಬ ಕಾರನ್ನು 991 ಸಂಖ್ಯೆಯಷ್ಟೇ ತಯಾರಿಸಿದಾಗ ಅದಕ್ಕೆ ಜನ ಮುಗಿಬಿದ್ದರು. ಮರುವರ್ಷ, 2017ರಲ್ಲಿ, ಜಿಟಿ3ಗೆ ಮ್ಯಾನ್ಯುಯಲ್ ಮರಳಿ ಬಂತು. ಅರ್ಧ ಸೆಕೆಂಡು ನಿಧಾನವೆಂದು ಗೊತ್ತಿದ್ದೂ ಅದನ್ನು ಬೇಡುವವರು ಸಾಕಷ್ಟಿದ್ದಾರೆ ಎಂಬುದು ತಯಾರಕರಿಗೇ ಮನದಟ್ಟಾಗಿತ್ತು.

ಜಿಟಿ3 ಕೂಡ ಟರ್ಬೊ ಇಲ್ಲದ, 9,000 ಆರ್‌ಪಿಎಂವರೆಗೆ ಏರುವ ಎಂಜಿನ್ನಿನ ಕಾರು ಎಂಬುದನ್ನು ಗಮನಿಸಬೇಕು. ಏರಿದಂತೆಲ್ಲ ಧ್ವನಿಯೂ ಬಲವೂ ಬದಲಾಗುವ ಎಂಜಿನ್ನಿನಲ್ಲಿ ಯಾವ ಹಂತದಲ್ಲಿ ಗೇರು ಏರಿಸಬೇಕು ಎಂಬ ತೀರ್ಮಾನಕ್ಕೆ ಅರ್ಥವಿದೆ, ಆ ತೀರ್ಮಾನ ಚಾಲಕನದಾಗಿರುವುದರಲ್ಲಿ ಸುಖವಿದೆ. ಟರ್ಬೊ ಎಂಜಿನ್ನಿನಲ್ಲಿ ಹಾಗಿಲ್ಲ. ಅಲ್ಲಿ ಟಾರ್ಕ್ ಬಹಳ ಕೆಳಗಿನ ಆರ್‌ಪಿಎಂನಲ್ಲೇ ಬಂದು ಬಹಳ ಮೇಲಿನವರೆಗೂ ಸಮನಾಗಿ ನಿಲ್ಲುತ್ತದೆ. ಮೂರನೇ ಗೇರಿನಲ್ಲಿದ್ದರೂ ನಾಲ್ಕರಲ್ಲಿದ್ದರೂ ಕಾರು ಹೆಚ್ಚುಕಡಿಮೆ ಒಂದೇ ರೀತಿ ಮುನ್ನುಗ್ಗುತ್ತದೆ. 460 ಅಶ್ವಶಕ್ತಿಯೊಂದಿಗೆ 2023ರಲ್ಲಿ ಬಂದ ಬಿಎಂಡಬ್ಲ್ಯು ಎಂ2 ಇದಕ್ಕೆ ಒಳ್ಳೆಯ ಉದಾಹರಣೆ: ಟರ್ಬೊಗಳಿಂದ 550 ನ್ಯೂಟನ್ ಮೀಟರ್ ಟಾರ್ಕ್, 100 ಕಿ.ಮೀ. ವೇಗಕ್ಕೆ ಆಟೊಮ್ಯಾಟಿಕ್‌ನಲ್ಲಿ 4.1 ಸೆಕೆಂಡು, ಮ್ಯಾನ್ಯುಯಲ್‌ನಲ್ಲಿ 4.3. ಅಷ್ಟು ವೇಗದ ಕಾರಿನಲ್ಲಿ ಗೇರುಗಳು ಎಷ್ಟು ಬೇಗ ಮುಗಿದುಹೋಗುತ್ತವೆಂದರೆ ಲಿವರಿಗೆ ಕೈ ಹಾಕುವ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತದೆ. ಇಂಥ ಕಾರಿಗೆ ಎಂಟು ಗೇರಿನ ಆಟೊಮ್ಯಾಟಿಕ್ಕೇ ಸಹಜ ಜೋಡಿ ಎಂದು ನಾನು ಹೇಳುತ್ತೇನೆ, ಮ್ಯಾನ್ಯುಯಲ್ಲನ್ನು ಎಷ್ಟೇ ಇಷ್ಟಪಡುವವನಾದರೂ.

ಮ್ಯಾನ್ಯುಯಲ್ ಇಲ್ಲದಿದ್ದರೆ ಅದು ಸ್ಪೋರ್ಟ್ಸ್ ಕಾರೇ ಅಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1953ರಲ್ಲಿ ಮೊದಲು ಬಂದ ಷೆವ್ರೊಲೆ ಕಾರ್ವೆಟ್‌ನಲ್ಲಿ ಇದ್ದದ್ದು ಎರಡೇ ಗೇರಿನ ಆಟೊಮ್ಯಾಟಿಕ್. ಮ್ಯಾನ್ಯುಯಲ್ ಬಂದದ್ದು 1955ರಲ್ಲಿ. 2020ರ ಮಾದರಿಯ ಎಂಟನೆಯ ತಲೆಮಾರಿನ ಕಾರ್ವೆಟ್‌ಗೆ ಮತ್ತೆ ಮ್ಯಾನ್ಯುಯಲ್ ಇಲ್ಲ, ಎಂಟು ಗೇರಿನ ಡ್ಯುಯಲ್ ಕ್ಲಚ್ ಒಂದೇ. ರೇಸಿನಲ್ಲಂತೂ 1989ರ ಬ್ರೆಜಿಲ್ ಗ್ರಾನ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಪ್ಯಾಡಲಿನಿಂದ ಗೇರು ಬದಲಿಸುವ ಫೆರಾರಿ 640ರಲ್ಲಿ ಗೆದ್ದ ಮೇಲೆ ಫಾರ್ಮುಲಾ ಒನ್ ಕೆಲವೇ ವರ್ಷಗಳಲ್ಲಿ ಆ ದಾರಿಗೇ ಹೊರಳಿತು. ಕೈ ಸ್ಟೀರಿಂಗ್ ಬಿಡಬೇಕಾಗಿಲ್ಲ, ತಪ್ಪು ಗೇರು ಬೀಳುವುದಿಲ್ಲ. ಈ ಎರಡನೆಯದು ರಸ್ತೆಯ ಕಾರಿಗೂ ಅನ್ವಯಿಸುತ್ತದೆ. ಮ್ಯಾನ್ಯುಯಲ್‌ನಲ್ಲಿ ಮೂರನೇ ಗೇರಿನ ಕೊನೆಯಲ್ಲಿ ನಾಲ್ಕಕ್ಕೆ ಹಾಕಲು ಹೋಗಿ ಅವಸರದಲ್ಲಿ ಎರಡಕ್ಕೆ ಎಳೆದರೆ, ಚಕ್ರಗಳು ಎಂಜಿನ್ನನ್ನು ಕೆಂಪು ಗೆರೆಯಾಚೆ, ಅಂದರೆ ಅದು ತಾಳುವ ಆರ್‌ಪಿಎಂ ಮಿತಿಯಾಚೆ, ತಿರುಗಿಸಿ ವಾಲ್ವುಗಳನ್ನೇ ಹಾಳುಮಾಡಬಹುದು. ಎಂಜಿನ್ ಮಿತಿಮೀರಿ ತಿರುಗದಂತೆ ನೋಡಿಕೊಳ್ಳುವ ರೆವ್ ಲಿಮಿಟರ್ ಇಂಧನವನ್ನು ತಡೆಯಬಲ್ಲದೇ ಹೊರತು ಚಕ್ರದ ಕಡೆಯಿಂದ ಬರುವ ಬಲವನ್ನು ತಡೆಯಲಾರದು. ಆಟೊಮ್ಯಾಟಿಕ್‌ನಲ್ಲಿ ಕಂಪ್ಯೂಟರ್ ಅಂಥ ಆಜ್ಞೆಯನ್ನು ಒಪ್ಪುವುದೇ ಇಲ್ಲ.

ಟ್ರಾಫಿಕ್ಕಿನ ಮಾತು. ದಿನವೂ ಒಂದೆರಡು ಗಂಟೆ ಮುಂದಿನ ಗಾಡಿಯ ಹಿಂದೆ ತೆವಳುವವರಿಗೆ ಕ್ಲಚ್ಚಿನ ಪೆಡಲು ಹೊರೆ ಎಂಬುದರಲ್ಲಿ ಎರಡು ಮಾತಿಲ್ಲ. ಜಿಆರ್86ರ ಕ್ಲಚ್ಚು ಭಾರವಲ್ಲ, ಆದರೂ ಮ್ಯಾನ್ಯುಯಲ್ ವಾರದ ಒಂದು ಸಂಜೆ ಒಂದೂವರೆ ಗಂಟೆ ಸಿಕ್ಕಿಹಾಕಿಕೊಂಡು ಮನೆಗೆ ಬಂದಾಗ ನನ್ನ ಎಡ ಮೊಣಕಾಲು ನೋಯುತ್ತಿತ್ತು. ಮೊಣಕಾಲು ಅಥವಾ ಸೊಂಟದ ತೊಂದರೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಅದೇ ಹೊತ್ತಿಗೆ, ಟ್ರಾಫಿಕ್ಕಿಗೆ ಯಾವ ಆಟೊಮ್ಯಾಟಿಕ್ ಆದರೂ ನಡೆಯುತ್ತದೆ ಎಂದುಕೊಳ್ಳುವುದೂ ತಪ್ಪು. ಕೆಲವು ವರ್ಷಗಳ ಹಿಂದೆ ಡ್ರೈ ಕ್ಲಚ್ಚಿನ ಡ್ಯುಯಲ್ ಕ್ಲಚ್ ಇದ್ದ ಒಂದು ಕಾರನ್ನು ಎರವಲು ಪಡೆದು ಓಡಿಸುತ್ತಿದ್ದೆ. ಏರುರಸ್ತೆಯಲ್ಲಿ ಗಾಡಿಗಳ ಸಾಲು ಅರ್ಧ ಗಂಟೆ ಇಂಚಿಂಚಾಗಿ ಸರಿಯುತ್ತಿತ್ತು. ನಾನು ಬ್ರೇಕು ಹಿಡಿಯದೆ ಆಕ್ಸಿಲರೇಟರನ್ನು ಚೂರೇ ಒತ್ತಿ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ. ಅದು ಮ್ಯಾನ್ಯುಯಲ್‌ನಲ್ಲಿ ಹಾಫ್ ಕ್ಲಚ್ಚಿನ ಮೇಲೆ ನಿಲ್ಲಿಸಿದಂತೆಯೇ ಎಂಬುದು ಆಗ ನನಗೆ ಹೊಳೆಯಲಿಲ್ಲ. ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಡಿಸ್‌ಪ್ಲೇಯಲ್ಲಿ ಬೆಳಗಿತು, ಪಕ್ಕಕ್ಕೆ ನಿಲ್ಲಿಸಿ ತಣ್ಣಗಾಗುವವರೆಗೆ ಕಾಯಬೇಕಾಯಿತು. ಡ್ರೈ ಕ್ಲಚ್ಚಿಗೆ ಬಿಸಿಯನ್ನು ಹೊತ್ತೊಯ್ಯಲು ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಆಯಿಲಿನಲ್ಲಿ ಮುಳುಗಿರುವ ವೆಟ್ ಕ್ಲಚ್ಚು ಇದನ್ನು ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ. ಹೆಚ್ಚು ಟಾರ್ಕಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದೂ ಅದೇ. ಡ್ಯುಯಲ್ ಕ್ಲಚ್ ಕೊಳ್ಳುವವರು ಡ್ರೈಯೋ ವೆಟ್ಟೋ ಎಂದು ಕೇಳಲೇಬೇಕು. ಏರಿನಲ್ಲಿ ನಿಲ್ಲುವಾಗ ಬ್ರೇಕನ್ನೇ ಹಿಡಿಯಬೇಕು, ಮುಂದಿನ ಗಾಡಿ ಒಂದು ಕಾರಿನಷ್ಟು ದೂರ ಸರಿದ ಮೇಲೆ ಒಮ್ಮೆಗೇ ಹೊರಡಬೇಕು. ಟಾರ್ಕ್ ಕನ್ವರ್ಟರಿಗೆ ಈ ಕಷ್ಟ ಬಹಳ ಕಡಿಮೆ. ಹಾಗಾಗಿ ದಟ್ಟ ಟ್ರಾಫಿಕ್ಕಿನಲ್ಲಿ ಜಿಆರ್86ರ ಆಟೊಮ್ಯಾಟಿಕ್ ನನಗೆ ತುಂಬ ಹಿತವಾಗಿತ್ತು.

ನಿರ್ವಹಣೆಯಲ್ಲಿ ಮ್ಯಾನ್ಯುಯಲ್ ಸರಳ. ಕ್ಲಚ್ ಪ್ಲೇಟು ಸವೆಯುತ್ತದೆ, ಬದಲಿಸುತ್ತಾರೆ, ಮುಗಿಯಿತು. ವೆಟ್ ಡ್ಯುಯಲ್ ಕ್ಲಚ್ಚಿನ ಆಯಿಲನ್ನು ಕಂಪನಿ ಹೇಳಿದ ಅಂತರಕ್ಕೆ ಬದಲಿಸಲೇಬೇಕು. ಡಿಎಸ್‌ಜಿ ಎಂಬ ಹೆಸರಿನ ಫೋಕ್ಸ್‌ವ್ಯಾಗನ್‌ನ ಆರು ಗೇರಿನ ವೆಟ್ ಡ್ಯುಯಲ್ ಕ್ಲಚ್ಚಿಗೆ ಅದು 60,000 ಕಿ.ಮೀ. ಹಳೆಯ ಕಾರು ಕೊಳ್ಳುವಾಗ ಆ ಸರ್ವಿಸಿನ ದಾಖಲೆ ಇಲ್ಲದಿದ್ದರೆ ನಾನಂತೂ ಮುಂದುವರಿಯುವುದಿಲ್ಲ.

ಟೆಸ್ಟ್ ಡ್ರೈವಿಗೆ ಹೋದಾಗ ಹೆಚ್ಚಿನವರು ಖಾಲಿ ರಸ್ತೆಯಲ್ಲಿ ಒಮ್ಮೆ ಜೋರಾಗಿ ಓಡಿಸಿ ಮರಳುತ್ತಾರೆ. ಅದರಿಂದ ಎಂಜಿನ್ನಿನ ಬಲ ತಿಳಿಯುತ್ತದೆಯೇ ಹೊರತು ಗೇರ್‌ಬಾಕ್ಸ್ ತಿಳಿಯುವುದಿಲ್ಲ. ಆಟೊಮ್ಯಾಟಿಕ್ ಆದರೆ 40ರ ವೇಗದಲ್ಲಿ ನಿಧಾನವಾಗಿ ಸಾಗುತ್ತ ಒಮ್ಮೆಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ, ಕಾರು ಮುನ್ನುಗ್ಗುವವರೆಗೆ ಎಷ್ಟು ಹೊತ್ತಾಗುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿ. ಮ್ಯಾನ್ಯುಯಲ್ ಮೋಡ್‌ನಲ್ಲಿಟ್ಟು ಕೆಂಪು ಗೆರೆಯವರೆಗೆ ಒಯ್ದು ಸುಮ್ಮನಿರಿ. ನೀವು ಕೇಳದೆಯೇ ಅದು ಮೇಲಿನ ಗೇರಿಗೆ ಹೋದರೆ ಅದು ನಿಜವಾದ ಮ್ಯಾನ್ಯುಯಲ್ ಮೋಡ್ ಅಲ್ಲ. ಪ್ಯಾಡಲುಗಳು ಸ್ಟೀರಿಂಗಿನ ಜೊತೆ ತಿರುಗುತ್ತವೆಯೋ ಕಾಲಮ್ಮಿಗೆ ಅಂಟಿಕೊಂಡು ಅಲ್ಲೇ ಇರುತ್ತವೆಯೋ ನೋಡಿ. ಅರ್ಧ ಸುತ್ತು ತಿರುಗಿಸಿದ ಸ್ಟೀರಿಂಗಿನಲ್ಲಿ ಜೊತೆಗೇ ತಿರುಗುವ ಪ್ಯಾಡಲಿನ ಎಡಬಲ ಅದಲುಬದಲಾಗಿರುತ್ತದೆ. ರಿವರ್ಸಿನಲ್ಲಿ ಇಕ್ಕಟ್ಟಿನ ಜಾಗಕ್ಕೆ ಸೇರಿಸಿ ನೋಡುವುದನ್ನೂ ಮರೆಯಬೇಡಿ, ಡ್ಯುಯಲ್ ಕ್ಲಚ್ಚಿನ ಒರಟುತನ ಗೊತ್ತಾಗುವುದು ಅಲ್ಲಿಯೇ. ಮ್ಯಾನ್ಯುಯಲ್ ಆದರೆ ಎಂಜಿನ್ ಇನ್ನೂ ತಣ್ಣಗಿರುವಾಗಲೇ ಒಂದರಿಂದ ಎರಡಕ್ಕೆ ಹಾಕಿ ನೋಡಿ, ಕ್ಲಚ್ಚು ಹಿಡಿಯುವ ಜಾಗ ಕಾಲಿಗೆ ಸ್ಪಷ್ಟವಾಗಿ ತಿಳಿಯುತ್ತದೆಯೇ ಎಂದು ಗಮನಿಸಿ, ನೀವು ದಿನವೂ ಹಾಕುವ ಬೂಟು ಅಥವಾ ಚಪ್ಪಲಿಯಲ್ಲೇ ಬ್ರೇಕಿನಿಂದ ಆಕ್ಸಿಲರೇಟರಿಗೆ ಪಾದ ಹೊರಳುತ್ತದೆಯೇ ಎಂದು ಪರೀಕ್ಷಿಸಿ.

ಜಿಆರ್86ರ ಮಟ್ಟಿಗೆ ನನ್ನ ಶಿಫಾರಸು ಮ್ಯಾನ್ಯುಯಲ್. ಅದರ ಎಂಜಿನ್ನು, ಅದರ ಹತ್ತಿರ ಹತ್ತಿರದ ಗೇರುಗಳು, ಅದರ ಪೆಡಲುಗಳು ಮೂರೂ ಒಂದನ್ನೊಂದು ಬಲ್ಲವು. ಅಂಕಿಗಳಲ್ಲಿಯೂ ಅದೇ ಮುಂದಿದೆ, ಆದ್ದರಿಂದ ಇಲ್ಲಿ ಮನಸ್ಸಿಗೂ ಸ್ಟಾಪ್‌ವಾಚಿಗೂ ಜಗಳವಿಲ್ಲ. ಆದರೆ ಮನೆಯಲ್ಲಿ ಇದೊಂದೇ ಕಾರು ಇರುವುದಾದರೆ, ಅದು ದಿನವೂ ಟ್ರಾಫಿಕ್ಕಿನಲ್ಲಿ ನಿಲ್ಲಬೇಕಾಗಿದ್ದರೆ, ಅಥವಾ ಮನೆಯ ಇನ್ನೊಬ್ಬರಿಗೆ ಕ್ಲಚ್ಚು ಒತ್ತಲಾಗದಿದ್ದರೆ ಆಟೊಮ್ಯಾಟಿಕ್ ಆಯ್ದುಕೊಂಡವರು ತಿರುವುಗಳ ಸಂತೋಷವನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ: ಚಾಸಿ ಅದೇ, ಸ್ಟೀರಿಂಗ್ ಅದೇ, ನೆಲಕ್ಕೆ ಹತ್ತಿರ ಕೂರುವ ಭಾರವೂ ಅದೇ. ಅಂಥವರು ಬೆಟ್ಟದ ರಸ್ತೆ ಶುರುವಾಗುವ ಮುಂಚೆಯೇ ಸ್ಪೋರ್ಟ್ ಮೋಡ್‌ಗೆ ಹಾಕಿಕೊಂಡು, ಪ್ರತಿ ತಿರುವಿಗೂ ಎರಡು ಕಾರುಗಳಷ್ಟು ದೂರ ಇರುವಾಗಲೇ ಎಡ ಪ್ಯಾಡಲು ಒತ್ತಿಬಿಟ್ಟರೆ, ನಾನು ಹೇಳಿದ ಆ ಸಣ್ಣ ಬಿಡುವು ತಿರುವು ಬರುವಷ್ಟರಲ್ಲಿ ಕಳೆದುಹೋಗಿರುತ್ತದೆ, ಕಾರು ಎರಡನೇ ಗೇರಿನಲ್ಲಿ ಸಿದ್ಧವಾಗಿರುತ್ತದೆ.